ಮೆದಕದ ಗೋಪುರವನ್ನು ಎತ್ತಿಸಿದ ಪೊಸ್ನೆಟ್ ಅಯ್ಯನವರು

ಬಸವಕಲ್ಯಾಣ, ಹುಮನಾಬಾದುಗಳಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಮೂಡಲಿಗೆ ಹೋಗಿ, ಸಂಗಾರೆಡ್ಡಿಯ ಬಳಿ ಬಡಗಲಿಗೆ ತಿರುಗಿದರೆ ಮೆದಕ್ ಪಟ್ಟಣವು ದೊರೆಯುವುದು. ಅಲ್ಲಿಯ ದೇವಾಲಯದ ಗೋಪುರವು ದೂರದಿಂದಲೇ ಕಾಣಿಸುವುದು. ಈಗ ಬೇರೆ ರಾಜ್ಯಗಳಲ್ಲಿರುವ ಬೀದರವೂ ಮೆದಕವೂ ಪೂರ್ವದಲ್ಲಿ ನಿಜಾಮರ ಆಳಿಕೆಯಲ್ಲಿಯೇ ಇದ್ದವು. ಆದಕಾರಣ ಆ ಗೋಪುರವನ್ನು ಎತ್ತಿಸಿದ ಚಾರ್ಲ್ಸ್ ವಾಕರ್ ಪೊಸ್ನೆಟ್ ಅಯ್ಯನವರ ಚರಿತ್ರೆಯು ನಮ್ಮ ಸಭೆಗಳವರಿಗೂ ತಿಳಿದಿರತಕ್ಕದ್ದು.

ಇವರು ವೆಸ್ಲಿಯನ್ ಮೆಥೋಡಿಸ್ಟ್ ಮಿಶನಿಗೆ ಸೇರಿದವರು. 1895ರಲ್ಲಿ ಸಿಕಂದರಾಬಾದಿಗೆ ಬಂದು ದಂಡಿನಲ್ಲಿದ್ದ ಬ್ರಿಟಿಷ್ ಸಿಪಾಯಿಗಳ ನಡುವೆ ಬೋಧಕರಾದರು. ಆದರೆ ಅವರ ಮನಸ್ಸು ಹಳ್ಳಿಗಳ ಕಡೆಗೆ ಎಳೆಯಿತು. ಸ್ವಲ್ಪ ಕಾಲದಲ್ಲಿಯೇ ಮೆದಕಕ್ಕೆ ಹೋಗಿ, ಊರಹೊರಗಿನ ಕೇರಿಗಳಲ್ಲಿ ತಿರಸ್ಕಾರಕ್ಕೆ ಗುರಿಯಾಗಿದ್ದ ಬಡಜನರ ಮಧ್ಯದಲ್ಲಿ ಅನೇಕ ವರುಷ ದುಡಿದರು.

ಆ ದಿನಗಳಲ್ಲಿ ಸೀಮೆಗೆ ಬರಗಾಲ ಬಂದಿತು. ಹೊಲದಲ್ಲಿ ಕೂಲಿಯಿಲ್ಲ, ಮನೆಯಲ್ಲಿ ಕಾಳಿಲ್ಲ. ಅಯ್ಯನವರು ಹಸಿದವರ ಕೈಗೆ ಭಿಕ್ಷೆಯನ್ನಿಕ್ಕದೆ ಕೆಲಸವನ್ನು ಕೊಟ್ಟು, ಅದಕ್ಕೆ ಪ್ರತಿಯಾಗಿ ಅನ್ನವನ್ನು ಒದಗಿಸಿದರು. ಆ ಕೆಲಸವೇ ದೇವಾಲಯದ ಕಟ್ಟೋಣ. ಭಿಕ್ಷೆಯನ್ನು ಉಂಡವನು ತಲೆ ತಗ್ಗಿಸಿಕೊಂಡು ಹೋಗುವನು. ಕಲ್ಲು ಹೊತ್ತು ಉಂಡವನು ಆ ಗೋಡೆ ತನ್ನದೆಂದು ಮಕ್ಕಳಿಗೆ ತೋರಿಸುವನು.

ಹತ್ತು ವರುಷಗಳ ದುಡಿಮೆಯ ಮೇಲೆ, 1924ನೆಯ ಡಿಸೆಂಬರ್ 25ರಂದು ಅದರ ಪ್ರತಿಷ್ಠೆಯಾಯಿತು. ಉದ್ದ 200 ಅಡಿ, ಅಗಲ 100 ಅಡಿ, ಗೋಪುರದ ಎತ್ತರ ಸುಮಾರು 175 ಅಡಿ. ಒಳಗೆ 5000 ಮಂದಿ ಕೂಡಬಹುದು. ನೆಲಕ್ಕೆ ಬ್ರಿಟನ್ನಿನಿಂದ ಬಣ್ಣದ ಬಿಲ್ಲೆಗಳು ಬಂದವು. ಫ್ರಾಂಕ್ ಸಾಲಿಸ್‌ಬರಿ ಎಂಬ ಚಿತ್ರಕಾರನು ರಚಿಸಿದ ಬಣ್ಣದ ಗಾಜಿನ ಕಿಟಕಿಗಳು ಒಂದೊಂದಾಗಿ ಕೂಡಿದವು: 1927ರಲ್ಲಿ ಕರ್ತನ ಸ್ವರ್ಗಾರೋಹಣ, 1947ರಲ್ಲಿ ಜನನ, 1958ರಲ್ಲಿ ಶಿಲುಬೆಯ ಮರಣ. 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾದಾಗ ಇದು ಮೆದಕದ ಬಿಷಪರ ಮಹಾದೇವಾಲಯವಾಯಿತು.

ಪ್ರಿಯರೇ, ಕಟ್ಟಿದ ಕಲ್ಲು ಆರೈಕೆಯಿಲ್ಲದೆ ನಿಲ್ಲದು. ಸಂದಿನ ಗಾರೆ ಉದುರಿದರೆ ಮಳೆನೀರು ಇಳಿಯುವುದು. ಹಕ್ಕಿ ತಂದ ಅರಳಿಯ ಬೀಜ ಅಲ್ಲಿ ಮೊಳೆತು, ಬೇರು ಬಲಿತಂತೆ ಕಲ್ಲುಗಳನ್ನು ಅಗಲಿಸುವುದು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಅವಸರದಿಂದ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಕಲ್ಲಿನ ಮೈಯೇ ಪುಡಿಯಾಗುವುದು. ಸುಣ್ಣಕ್ಕೆ ಸುಣ್ಣವನ್ನೇ ಕೂಡಿಸಬೇಕು. ಗಿಡವನ್ನು ಎಳೆಯದರಲ್ಲಿಯೇ ಬೇರುಸಹಿತ ತೆಗೆಯಬೇಕು. ಗೋಪುರದ ಮೇಲಿನ ನೀರು ಸರಾಗವಾಗಿ ಹರಿದುಹೋಗುವಂತೆ ನೋಡಬೇಕು.

ನಮ್ಮ ಸೀಮೆಯ ದೇವಾಲಯಗಳು ಮೆದಕದಷ್ಟು ದೊಡ್ಡವಲ್ಲ. ಆದರೂ ನಮ್ಮ ಹಿರಿಯರು ಕೂಲಿಯ ಕಾಸನ್ನು ಉಳಿಸಿ, ಕೆಂಗಲ್ಲು ಹೊತ್ತು ಅವುಗಳನ್ನು ಎಬ್ಬಿಸಿದರು. ಆದುದರಿಂದ ಮುಂಗಾರಿಗೆ ಮುಂಚೆ ಪ್ರತಿಯೊಂದು ಸಭೆಯವರೂ ಒಂದು ದಿನ ಕೂಡಿ, ತಮ್ಮ ದೇವಾಲಯದ ಗೋಡೆಯನ್ನು ಸುತ್ತಿ ನೋಡಿ, ಬಿರುಕುಗಳನ್ನು ತುಂಬಿಸಲಿ.