ಹಂಪೆಯ ಹರಿಹರದೇವನು

ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಗಳ ಶಿವಭಕ್ತರಿಗೆ ಹಂಪೆಯ ವಿರೂಪಾಕ್ಷನು ಅಪರಿಚಿತ ದೈವವಲ್ಲ. 2021ರಲ್ಲಿ ವಿಜಯನಗರ ಜಿಲ್ಲೆಯು ಪ್ರತ್ಯೇಕವಾಗುವವರೆಗೂ ಆ ಕ್ಷೇತ್ರವು ಬಳ್ಳಾರಿ ಜಿಲ್ಲೆಗೇ ಸೇರಿದ್ದಿತು. ಆ ಸ್ವಾಮಿಯ ಸನ್ನಿಧಿಯಲ್ಲಿ ಬಾಳಿ ಬೆಳಗಿದ ಮಹಾಕವಿಯು ಹರಿಹರದೇವನು. ತಂದೆ ಮಹಾದೇವ, ತಾಯಿ ಶರ್ವಾಣಿ, ಸೋದರಿ ರುದ್ರಾಣಿ, ಗುರು ಮಾಯಿದೇವ. ಈತನ ಕಾಲವನ್ನು ಕೆಲವರು 12ನೆಯ ಶತಮಾನದ ಕೊನೆಗೂ, ಕೆಲವರು 13ನೆಯ ಶತಮಾನದ ಆದಿಗೂ ಹೇಳುವರು. ಆ ಚರ್ಚೆಯು ಇಲ್ಲಿ ಅಪ್ರಕೃತ.

ಯೌವನದಲ್ಲಿ ಈತನು ದೋರಸಮುದ್ರದ ಹೊಯ್ಸಳ ದೊರೆ ನರಸಿಂಹ ಬಲ್ಲಾಳನ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂದು ಐತಿಹ್ಯವಿದೆ. ವಿರೂಪಾಕ್ಷನ ನಾಮವನ್ನು ಮೊದಲು ಬರೆದಲ್ಲದೆ ಅಂಕೆಯನ್ನು ಬರೆಯನು. ಇಂತಹವನ ಲೆಕ್ಕದ ವಿಷಯದಲ್ಲಿ ಸಹೋದ್ಯೋಗಿಗಳಿಗೆ ಸಂದೇಹ ಹುಟ್ಟಿದುದು ಆಶ್ಚರ್ಯವಲ್ಲ.

ಒಂದು ದಿನ ಲೆಕ್ಕ ಬರೆಯುತ್ತಿದ್ದವನು ಥಟ್ಟನೆ ಲೇಖನಿಯನ್ನಿಟ್ಟು ಎರಡು ಅಂಗೈಗಳನ್ನೂ ಬಲವಾಗಿ ಉಜ್ಜಿಕೊಳ್ಳತೊಡಗಿದನು. ಸಭೆ ನಕ್ಕಿತು. ದೊರೆಯು ಕಾರಣವನ್ನು ಕೇಳಲು, ಹಂಪೆಯಲ್ಲಿ ಕರ್ಪೂರದಾರತಿಯ ಕಿಡಿ ತಗುಲಿ ಸ್ವಾಮಿಯ ಮುಂದಣ ತೆರೆ ಹೊತ್ತಿಕೊಂಡಿತೆಂದೂ, ತಾನು ಅದನ್ನು ನಂದಿಸಿದೆನೆಂದೂ ಬಿನ್ನವಿಸಿದನು. ದೋರಸಮುದ್ರಕ್ಕೂ ಹಂಪೆಗೂ ನೇರ ಗೆರೆಯಲ್ಲಿ ಅಳೆದರೂ ಸುಮಾರು 150 ಮೈಲಿಗಳ ಅಂತರವುಂಟು.

ಇಲ್ಲಿ ದೊರೆಗೊದಗಿದ ಸಂಕಟವು ಸಾಮಾನ್ಯವಾದುದಲ್ಲ. ನುಡಿದವನು ವಿದೂಷಕನಾಗಿದ್ದರೆ ನಕ್ಕು ಬಿಡಬಹುದಾಗಿತ್ತು. ಈತನು ಕರಣಿಕ, ರಾಜ್ಯದ ಆಯವ್ಯಯವೆಲ್ಲ ಈತನ ಮಾತಿನ ಮೇಲೆ ನಿಂತಿರುವುದು. ಇದು ಸುಳ್ಳಾದರೆ ಆ ಕಡತಗಳೂ ಸುಳ್ಳಾಗಿರಬಹುದು. ನಿಜವೆನ್ನೋಣವೆಂದರೆ ಬುದ್ಧಿ ಒಪ್ಪದು. ಸತ್ಯವನ್ನೇ ಹೇಳುತ್ತಿದ್ದೇನೆಂಬ ಮಾತನ್ನು ಕಳ್ಳನೂ ಆಡುವನು, ಸಾಧುವೂ ಆಡುವನು. ಮಾತಿನ ಬಿರುಸಿನಿಂದ ಇಬ್ಬರನ್ನು ಬೇರ್ಪಡಿಸಲಾಗದು. ದೊರೆಯು ನಂಬಲೂ ಇಲ್ಲ, ದಂಡಿಸಲೂ ಇಲ್ಲ; ಹಂಪೆಗೆ ಆಳನ್ನಟ್ಟಿ ಕಾದನು. ಈ ಕಥೆಯಲ್ಲಿ ಕವಿಯ ಮಹಿಮೆಯನ್ನು ಕೊಂಡಾಡುವವರು ದೊರೆಯ ಈ ತಾಳ್ಮೆಯನ್ನು ಮರೆಯುವುದುಂಟು. ಆಳು ಹಿಂದಿರುಗಿ, ತೆರೆ ಹೊತ್ತಿ ನಂದಿದುದು ದಿಟವೆಂದು ತಿಳಿಸಿದನಂತೆ. ಹರಿಹರದೇವನು ಉದ್ಯೋಗವನ್ನು ತೊರೆದು ಹಂಪೆಯನ್ನು ಸೇರಿದನು.

ಐತಿಹ್ಯವನ್ನು ಒಪ್ಪದವರೂ ಈತನಿಗೆ ಲೆಕ್ಕದ ಮನೆಯ ಪರಿಚಯವಿದ್ದುದನ್ನು ಒಪ್ಪಲೇಬೇಕು. ಬಸವರಾಜದೇವರ ರಗಳೆಯಲ್ಲಿ ಬಸವಣ್ಣನವರು ಮಂಗಳವಾಡಕ್ಕೆ ಹೋಗಿ ಕರಣಿಕರ ನಡುವೆ ಕುಳಿತು, ಅವರ ಲೆಕ್ಕದಲ್ಲಿಯ ತಪ್ಪನ್ನು ಎತ್ತಿ ತೋರಿಸುವ ಪ್ರಸಂಗವನ್ನು ಓದಿದವರಿಗೆ, ಬರೆದವನು ಆ ಸ್ಥಳವನ್ನು ಬಲ್ಲವನೆಂದು ತೋರುವುದು. ಮುಂದೆ ಬಸವಣ್ಣನವರ ಮೇಲೆಯೂ ಭಂಡಾರವನ್ನು ಸೂರೆಮಾಡಿದರೆಂಬ ದೂರು ಬಿಜ್ಜಳನಿಗೆ ಹೋಯಿತೆಂಬುದು, ಹೊನ್ನನ್ನು ಎಣಿಸಲಾಗಿ ಕೊರತೆ ಕಾಣಲಿಲ್ಲವೆಂಬುದು ಶರಣರ ಚರಿತ್ರೆಗಳಲ್ಲಿ ಪ್ರಸಿದ್ಧವಾಗಿದೆ.

ರಗಳೆಗಳನ್ನು ಬರೆದ ಈತನನ್ನು ಪಂಡಿತರು ರಗಳೆಯ ಕವಿಯೆಂದು ಹೀಯಾಳಿಸಿದರು. ಪ್ರೌಢಕಾವ್ಯದ ಶಕ್ತಿ ಈತನಿಗಿದೆಯೆಂಬುದನ್ನು ನಂಬಲಿಲ್ಲ. ಹರಿಹರದೇವನು ವಾದಕ್ಕಿಳಿಯದೆ ಗಿರಿಜಾಕಲ್ಯಾಣವೆಂಬ ಚಂಪೂಕಾವ್ಯವನ್ನು ರಚಿಸಿದನೆಂದು ಹೇಳುವರು.

ಒಮ್ಮೆ ಸಂದೇಹಕ್ಕೆ ಗುರಿಯಾಗಿದ್ದ ಈತನೇ ಇನ್ನೊಬ್ಬನನ್ನು ಸಂದೇಹಿಸಿದನು. ನರಸ್ತುತಿ ಮಾಡೆನೆಂಬುದು ಈತನ ವ್ರತ. ರುದ್ರಾಣಿಯ ಮಗನೂ ಶಿಷ್ಯನೂ ಆದ ರಾಘವಾಂಕನು ಸತ್ಯಕ್ಕಾಗಿ ರಾಜ್ಯವನ್ನೂ ಮಡದಿಮಕ್ಕಳನ್ನೂ ಕಳೆದುಕೊಂಡ ಹರಿಶ್ಚಂದ್ರನನ್ನು ವಾರ್ಧಕ ಷಟ್ಪದಿಯಲ್ಲಿ ಹಾಡಿ, ಕಾವ್ಯವನ್ನು ವಿರೂಪಾಕ್ಷನಿಗೆ ಅಂಕಿತಮಾಡಿ ತಂದನು. ತಾನು ಹಾಡಿದುದು ಶಿವನನ್ನೇ ಎಂಬ ಭಾವ ರಾಘವಾಂಕನದು. ಗುರುವು ಆ ಭಾವವನ್ನು ಪರೀಕ್ಷಿಸದೆ, ಮರ್ತ್ಯನ ಸ್ತುತಿಯೆಂದು ಕೆರಳಿ ಹೊಡೆದನು. ಶಿಷ್ಯನ ಐದು ಹಲ್ಲುಗಳು ಉದುರಿದುವೆಂದು ಐತಿಹ್ಯ. ಹೊಯ್ಸಳ ದೊರೆಯು ತೋರಿದಷ್ಟು ತಾಳ್ಮೆಯನ್ನು ಆ ಗಳಿಗೆಯಲ್ಲಿ ಗುರುವು ತೋರಲಿಲ್ಲವೆಂದರೆ ಅಪಚಾರವಾಗದು.

ರಾಘವಾಂಕನು ಮರುಮಾತಾಡದೆ ಸೋಮನಾಥ, ಸಿದ್ಧರಾಮ, ವೀರೇಶ, ಶರಭ ಚರಿತೆಗಳನ್ನೂ ಹರಿಹರಮಹತ್ತ್ವವನ್ನೂ ಬರೆಯಲು ಹಲ್ಲುಗಳು ಒಂದೊಂದಾಗಿ ಮೂಡಿದುವಂತೆ. ಆ ಐದರಲ್ಲಿ ಕೊನೆಯ ಎರಡು ದೊರೆತಿಲ್ಲ. ಹಲ್ಲುಗಳನ್ನು ಕಳೆದ ಹರಿಶ್ಚಂದ್ರಕಾವ್ಯವು ಉಳಿದಿದೆ. ಕನ್ನಡಿಗರು ಅದನ್ನು ಇಂದಿಗೂ ಓದುತ್ತಿದ್ದಾರೆ.