ವೆಲ್ಲೂರಿನ ಡಾಕ್ಟರ್ ಐಡಾ ಸ್ಕಡರ್ ಅವರ ಚರಿತ್ರೆ

ಲೋಕದಲ್ಲಿ ದೊಡ್ಡ ವೈದ್ಯರೆನಿಸಿಕೊಂಡವರು ಅನೇಕರುಂಟು. ತಮ್ಮ ಕೈಗುಣದಿಂದ ಸಾವಿರಾರು ಜೀವಗಳನ್ನು ಉಳಿಸಿ ಕೀರ್ತಿಶೇಷರಾದವರೂ ಉಂಟು. ಆದರೆ ತನ್ನ ವಿದ್ಯೆಯನ್ನು ಸುತ್ತಲಿನವರಿಗೆ ಹಂಚಿಕೊಟ್ಟು, ತಾನಿಲ್ಲದ ಕಾಲದಲ್ಲಿಯೂ ಕೆಲಸವು ನಿಲ್ಲದಂತೆ ಏರ್ಪಡಿಸಿದವರು ವಿರಳ. ಅಂಥ ವಿರಳರಲ್ಲಿ ಡಾಕ್ಟರ್ ಐಡಾ ಸೋಫಿಯಾ ಸ್ಕಡರ್ ಅವರು ಒಬ್ಬರು. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ಮನೆಯೊಳಗೆ ಭಾರಿಯಾದ ಬೇನೆ ತಲೆದೋರಿದಾಗ, ಹಿರಿಯರು ಸೊಲ್ಲಾಪುರ, ಮೀರಜ, ಹೈದರಾಬಾದಗಳ ಹೆಸರನ್ನೆತ್ತುವಂತೆ ದೂರದ ವೆಲ್ಲೂರಿನ ಹೆಸರನ್ನೂ ಎತ್ತುವದುಂಟು. ಆ ಊರಿಗೆ ಈ ಹೆಸರು ಹೇಗೆ ಬಂದಿತೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕ ಮಹಾಶಯರೂ ತಿಳಿಯಬೇಕೆಂದು ಈ ಚರಿತ್ರೆಯನ್ನು ಬರೆಯಲಾಗಿದೆ.

ಐಡಾ ಅವರು 1870ನೆಯ ಇಸವಿ ಡಿಸೆಂಬರ್ 9ರಂದು ಇಂದಿನ ತಮಿಳುನಾಡಿನ ರಾಣಿಪೇಟೆಯಲ್ಲಿ ಹುಟ್ಟಿದರು. ತಂದೆ ಡಾಕ್ಟರ್ ಜಾನ್ ಸ್ಕಡರ್, ತಾಯಿ ಸೋಫಿಯಾ. ಅಜ್ಜನವರು 1819ರಲ್ಲಿ ಅಮೇರಿಕೆಯಿಂದ ಹೊರಟು ಸಿಂಹಳಕ್ಕೆ ಬಂದು, ಬಳಿಕ ತಮಿಳು ದೇಶದಲ್ಲಿ ವೈದ್ಯಸೇವೆ ಮಾಡಿದವರು. ಮನೆತನದಲ್ಲಿ ವೈದ್ಯವೃತ್ತಿಯು ಹೀಗೆ ತಲೆಮಾರುಗಳಿಂದ ಬಂದದ್ದಾದರೂ, ಬಾಲಿಕೆ ಐಡಾಳಿಗೆ ಅದರಲ್ಲಿ ಒಲವಿರಲಿಲ್ಲ. ಆಕೆಗೆ ಆರೇಳು ವರುಷವಾಗಿದ್ದಾಗ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಿದ್ದಿತು. 1876ರಿಂದ 1878ರವರೆಗಿನ ಆ ಬರಗಾಲವು ಬಳ್ಳಾರಿ, ರಾಯಚೂರು, ಮೈಸೂರು ಸೀಮೆಗಳನ್ನೂ ಬರಿದು ಮಾಡಿತ್ತು. ಹಸಿದ ಮಕ್ಕಳಿಗೆ ಅನ್ನ ಹಂಚುವ ಕೆಲಸದಲ್ಲಿ ಮನೆಯವರೊಡನೆ ನಿಂತ ಆ ಎಳೆಯ ಮನಸ್ಸಿಗೆ ಈ ದೇಶದ ದುಃಖವು ಭಯವನ್ನೇ ಉಂಟುಮಾಡಿತು. ಮುಂದೆ ಅಮೇರಿಕೆಗೆ ಹೋಗಿ ನಾರ್ತಫೀಲ್ಡ್ ಎಂಬಲ್ಲಿಯ ಹೆಣ್ಣುಮಕ್ಕಳ ವಿದ್ಯಾಲಯದಲ್ಲಿ ಓದುತ್ತಿದ್ದಾಗ, ತಾನು ಆ ದೇಶದಲ್ಲಿಯೇ ನೆಲೆಸಿ ಸುಖವಾಗಿರಬೇಕೆಂದು ಆಕೆ ನಿಶ್ಚಯಿಸಿದ್ದಳು.

1890ರಲ್ಲಿ ತಾಯಿಯ ಅಸ್ವಸ್ಥತೆಯ ನಿಮಿತ್ತ ಐಡಾ ಕೆಲವು ಕಾಲಕ್ಕೆಂದು ತಿಂಡಿವನಕ್ಕೆ ಬಂದಳು. ಅಲ್ಲಿ ಒಂದೇ ರಾತ್ರಿಯಲ್ಲಿ ಮೂವರು ಗೃಹಸ್ಥರು ಒಬ್ಬರಾದ ಮೇಲೊಬ್ಬರು ಬಾಗಿಲಿಗೆ ಬಂದರು. ಒಬ್ಬನು ಬ್ರಾಹ್ಮಣ, ಇನ್ನೊಬ್ಬನು ಮುಸಲ್ಮಾನ, ಮತ್ತೊಬ್ಬನು ಬೇರೊಂದು ಜಾತಿಯ ಹಿಂದೂ. ಮೂವರ ಹೆಂಡಂದಿರೂ ಹೆರಿಗೆಯ ಸಂಕಟದಲ್ಲಿದ್ದರು. ತಂದೆಯು ವೈದ್ಯನಿದ್ದಾನೆ, ಅವನನ್ನು ಕರೆದೊಯ್ಯಿರೆಂದರೆ, ಪರಪುರುಷನು ತಮ್ಮ ಮನೆಯ ಹೆಂಗಸನ್ನು ಮುಟ್ಟಕೂಡದೆಂದು ಮೂವರೂ ಒಪ್ಪದೆ ಹೋದರು. ಐಡಾಳಿಗೆ ವೈದ್ಯವಿದ್ಯೆ ತಿಳಿಯದು. ಬೆಳಗಾಗುವಷ್ಟರಲ್ಲಿ ಆ ಮೂವರು ಹೆಂಗಸರೂ ತೀರಿಕೊಂಡಿದ್ದರು. ಇಪ್ಪತ್ತು ವರುಷದ ಆ ತರುಣಿಯು ಅಂದೇ ತನ್ನ ನಿಶ್ಚಯವನ್ನು ಬದಲಿಸಿದಳು. ವೈದ್ಯಳಾಗಿ ಈ ನೆಲಕ್ಕೇ ಮರಳಿ ಬರುವೆನೆಂದು ತಂದೆತಾಯಿಗಳಿಗೆ ತಿಳಿಸಿದಳು.

1895ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯ ಕಾಲೇಜನ್ನು ಸೇರಿ, ಕೊನೆಯ ವರುಷವನ್ನು ನ್ಯೂಯಾರ್ಕಿನ ಕಾರ್ನೆಲ್ ವೈದ್ಯ ಕಾಲೇಜಿನಲ್ಲಿ ಕಳೆದು, 1899ರಲ್ಲಿ ಪದವಿ ಪಡೆದರು. ಆ ಕಾಲೇಜಿನಿಂದ ತೇರ್ಗಡೆಯಾದ ಮೊದಮೊದಲಿನ ಸ್ತ್ರೀಯರಲ್ಲಿ ಅವರು ಸೇರಿದ್ದಾರೆ. ಸ್ವದೇಶವನ್ನು ಬಿಡುವ ಮೊದಲು ಶೆಲ್ ಎಂಬ ಧನಿಕರು ತಮ್ಮ ದಿವಂಗತ ಪತ್ನಿಯ ನೆನಪಿಗಾಗಿ ಹತ್ತು ಸಾವಿರ ಡಾಲರುಗಳನ್ನು ಕೊಟ್ಟರು. 1900ರ ಆರಂಭದಲ್ಲಿ ಐಡಾ ಅವರು ವೆಲ್ಲೂರಿಗೆ ಬಂದರು. ಟೀಪೂ ಸುಲ್ತಾನನ ಮಕ್ಕಳನ್ನು ಇರಿಸಿದ್ದ ಕೋಟೆಯೂ, ವಿಜಯನಗರದ ಕಾಲದ ಜಲಕಂಠೇಶ್ವರ ಗುಡಿಯೂ ಇರುವ ಆ ಊರು ಕನ್ನಡಿಗರ ಇತಿಹಾಸಕ್ಕೂ ಅಪರಿಚಿತವಲ್ಲ. ತಂದೆಯ ಕೈಕೆಳಗೆ ಅನುಭವ ಪಡೆಯಬಹುದೆಂದು ಅವರು ನಂಬಿದ್ದರು. ಆದರೆ ಬಂದ ಕೆಲವೇ ತಿಂಗಳಲ್ಲಿ ತಂದೆಯು ದೈವಾಧೀನರಾದರು. ಮೂವತ್ತು ತುಂಬದ ಹೊಸ ವೈದ್ಯೆಯೊಬ್ಬಳು ಒಂದೇ ಹಾಸಿಗೆಯ ಚಿಕಿತ್ಸಾಲಯದೊಡನೆ ಒಂಟಿಯಾಗಿ ಉಳಿದಳು.

ಇಲ್ಲಿಂದಲೇ ಈ ಚರಿತ್ರೆಯ ಮುಖ್ಯವಾದ ಪಾಠವು ಆರಂಭವಾಗುತ್ತದೆ. ಎರಡು ವರುಷಗಳಲ್ಲಿ ಸುಮಾರು ಐದು ಸಾವಿರ ರೋಗಿಗಳು ಬಂದರು. ಒಬ್ಬಳೇ ನಾಡಿ ನೋಡಿ, ಗಾಯ ತೊಳೆದು, ಔಷಧ ಅರೆದು, ಶಸ್ತ್ರಕ್ರಿಯೆಯನ್ನೂ ಮಾಡುವದು ಅಸಾಧ್ಯವಾಗಿತ್ತು. ಆಗ ಅವರು ಪರದೇಶದಿಂದ ನೆರವು ಬರುವವರೆಗೆ ಕಾದು ಕುಳಿತುಕೊಳ್ಳಲಿಲ್ಲ. ಸಲೋಮಿ ಎಂಬ ಸ್ಥಳೀಯ ಹೆಂಗಸಿಗೆ ಗಾಯ ಕಟ್ಟುವದನ್ನೂ, ಔಷಧ ಕೂಡಿಸುವದನ್ನೂ, ಶಸ್ತ್ರಕ್ರಿಯೆಯ ಸಮಯದಲ್ಲಿ ಪಕ್ಕಕ್ಕೆ ನಿಂತು ನೆರವಾಗುವದನ್ನೂ ಕಲಿಸಿದರು. 1902ರಲ್ಲಿ ಮೇರಿ ಟೇಬರ್ ಶೆಲ್ ಸ್ಮಾರಕ ಆಸ್ಪತ್ರೆಯು ನಾಲ್ವತ್ತು ಹಾಸಿಗೆಗಳೊಡನೆ ತೆರೆಯಿತು. ಹಾಸಿಗೆಗಳು ನಾಲ್ವತ್ತಾದರೂ ವೈದ್ಯೆ ಒಬ್ಬಳೇ. ಹಣದಿಂದ ಕಟ್ಟಡ ಎದ್ದೀತು, ಮಂಚ ಬಂದೀತು. ನಡುರಾತ್ರಿಯಲ್ಲಿ ರೋಗಿಯ ಉಸಿರು ಬದಲಾದದ್ದನ್ನು ಗುರುತಿಸುವ ಕಣ್ಣು ಕೊಂಡು ತರುವ ವಸ್ತುವಲ್ಲ. ಅಂಥ ಕಣ್ಣುಗಳನ್ನು ತಯಾರು ಮಾಡುವದೇ ತಮ್ಮ ನಿಜವಾದ ಕೆಲಸವೆಂದು ಅವರು ಕಂಡುಕೊಂಡರು.

1909ರಲ್ಲಿ ಡೀಲಿಯಾ ಹೌಟನ್ ಎಂಬ ಶಿಕ್ಷಿತ ದಾದಿಯ ನೆರವಿನಿಂದ ದಾದಿಯರ ಶಾಲೆ ಆರಂಭವಾಯಿತು. ಈ ಮಾತನ್ನು ಇಂದು ಓದುವವರಿಗೆ ಇದು ಸಾಮಾನ್ಯವೆಂದು ತೋರಬಹುದು. ಆದರೆ ಅಂದಿನ ದಿನಗಳಲ್ಲಿ ಮರ್ಯಾದಸ್ಥರ ಮನೆಯ ಹೆಣ್ಣುಮಗಳು ಪರರ ಹುಣ್ಣು ತೊಳೆಯುವದನ್ನೂ, ಮಲಮೂತ್ರದ ಪಾತ್ರೆ ಎತ್ತುವದನ್ನೂ ಜನರು ಹೀನವೆಂದು ಎಣಿಸುತ್ತಿದ್ದರು. ಇಂಥ ಕೆಲಸಕ್ಕೆ ಮಗಳನ್ನು ಕಳಿಸಿದ ತಂದೆತಾಯಿಗಳು ನೆರೆಹೊರೆಯವರ ಕುಹಕವನ್ನು ಸಹಿಸಬೇಕಾಗಿತ್ತು. ಐಡಾ ಅವರು ಈ ಕೆಲಸಕ್ಕೆ ಪುಸ್ತಕದ ವಿದ್ಯೆಯನ್ನೂ, ಶರೀರಜ್ಞಾನವನ್ನೂ, ಪರೀಕ್ಷೆಯನ್ನೂ, ಪ್ರಮಾಣಪತ್ರವನ್ನೂ ಜೋಡಿಸಿದರು. ಏತಕ್ಕಾಗಿ ಕೈ ತೊಳೆಯಬೇಕು, ಉಪಕರಣಗಳನ್ನು ಏತಕ್ಕಾಗಿ ಕುದಿಸಬೇಕು ಎಂಬುದನ್ನು ತಿಳಿದು ಮಾಡುವವಳಿಗೂ, ಹೇಳಿದರೆಂದು ಮಾಡುವವಳಿಗೂ ಬಹಳ ಅಂತರವುಂಟು. ಕಾರಣವನ್ನು ತಿಳಿದವಳು ಮೇಲಧಿಕಾರಿಗಳು ಕಾಣದ ಕಡೆಯಲ್ಲಿಯೂ ತಪ್ಪದೆ ನಡೆಯುವಳು.

ಅದೇ 1909ರಲ್ಲಿ ಅವರಿಗೆ ಒಂದು ಪ್ಯೂಜೋ ಮೋಟಾರು ಬಂಡಿ ದೊರೆಯಿತು. ಅಲ್ಲಿಯವರೆಗೆ ಗುಡಿಯಾತ್ತಂ ಮುಂತಾದ ಊರುಗಳಿಗೆ ಎತ್ತಿನ ಬಂಡಿಯ ಪ್ರಯಾಣವಾಗಿತ್ತು. ಗದ್ದಲ ಮಾಡುತ್ತ ಬಂದ ಆ ಯಂತ್ರವನ್ನು ಕಂಡು ಹಳ್ಳಿಯ ಜನರು ಮೊದಲು ಓಡಿಹೋದರಂತೆ. ಬಳಿಕ ಅದು ಬರುವ ವಾರವನ್ನೇ ಎಣಿಸುತ್ತ ದಾರಿಯ ಬದಿಯ ಮರಗಳ ನೆರಳಿನಲ್ಲಿ ಕಾದು ಕುಳಿತರು. ಇದೇ ದಾರಿಬದಿಯ ಚಿಕಿತ್ಸಾಲಯ. ಗೊತ್ತಾದ ದಿವಸ, ಗೊತ್ತಾದ ಮರದ ಕೆಳಗೆ ಬಂಡಿಯು ನಿಲ್ಲುವದು. ವೈದ್ಯೆಯು ನೋಡುವಳು, ದಾದಿಯು ಗಾಯ ಕಟ್ಟುವಳು, ಕಂಪೌಂಡರನು ಔಷಧ ಕೊಡುವನು. ಬಂಡಿಯು ದೂರವನ್ನು ಕಡಿಮೆ ಮಾಡಿತು ನಿಜ. ಆದರೆ ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸವನ್ನು ಬಲ್ಲವರಾಗಿದ್ದುದರಿಂದಲೇ ಒಂದು ದಿನದಲ್ಲಿ ನೂರಾರು ಜನರಿಗೆ ಉಪಚಾರ ಸಿಕ್ಕಿತು.

ಮುಂದಿನ ಹೆಜ್ಜೆಯು ಹೆಚ್ಚು ಧೈರ್ಯದ್ದಾಗಿತ್ತು. ಮೀರಜದಲ್ಲಿ ಡಾಕ್ಟರ್ ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆಯನ್ನೂ 1897ರಲ್ಲಿ ವೈದ್ಯಶಾಲೆಯನ್ನೂ ತೆರೆದಿದ್ದರು. ಉತ್ತರದ ಲುಧಿಯಾನದಲ್ಲಿ ಡಾಕ್ಟರ್ ಈಡಿತ್ ಬ್ರೌನ್ ಅವರು 1894ರಿಂದ ಹೆಣ್ಣುಮಕ್ಕಳಿಗೆ ವೈದ್ಯವಿದ್ಯೆ ಕಲಿಸುತ್ತಿದ್ದರು. ನಮ್ಮ ಈ ಸೀಮೆಯು ಅಂದು ಸೇರಿದ್ದ ಹೈದರಾಬಾದ ಸಂಸ್ಥಾನದಲ್ಲಿ ರೂಪಾಬಾಯಿ ಫರ್ದೂನಜಿ ಅವರು 1889ರಲ್ಲಿಯೇ ವೈದ್ಯಶಾಲೆಯ ಶಿಕ್ಷಣವನ್ನು ಮುಗಿಸಿ, ಶಸ್ತ್ರಕ್ರಿಯೆಗೆ ಕ್ಲೋರೋಫಾರ್ಮ್ ಕೊಡುವದರಲ್ಲಿ ನಿಪುಣರಾಗಿದ್ದರು. ಆದರೂ ದಕ್ಷಿಣದ ಹೆಣ್ಣುಮಕ್ಕಳು ವೈದ್ಯರಾಗುವರೆಂದರೆ ಮದರಾಸಿನ ಅಧಿಕಾರಿಗಳು ನಂಬಲಿಲ್ಲ; ಬೆರಳೆಣಿಕೆಯಷ್ಟು ಅರ್ಜಿಗಳು ಬಂದರೆ ಹೆಚ್ಚೆಂದು ಭಾವಿಸಿದರು. 1918ರಲ್ಲಿ ಸ್ತ್ರೀಯರ ವೈದ್ಯಶಾಲೆಯು ಆರಂಭವಾದಾಗ ಅರ್ಜಿಗಳು ಅವರ ಎಣಿಕೆಯನ್ನು ಬಹಳ ಮೀರಿ ಬಂದವು. ಶಾಲೆಯ ಸಾಮಗ್ರಿಯೆಂದರೆ ಒಂದು ಸೂಕ್ಷ್ಮದರ್ಶಕ, ಕೆಲವು ಎಲುಬುಗಳು, ಬೆರಳೆಣಿಕೆಯ ಪುಸ್ತಕಗಳು. ಮೊದಲ ಪರೀಕ್ಷೆಯಲ್ಲಿ ಇಡೀ ಪ್ರಾಂತದ ಗಂಡುಮಕ್ಕಳಲ್ಲಿ ಐವರಿಗೊಬ್ಬರಂತೆ ತೇರ್ಗಡೆಯಾದರೆ, ವೆಲ್ಲೂರಿನ ಹದಿನಾಲ್ಕು ಹೆಣ್ಣುಮಕ್ಕಳೂ ತೇರ್ಗಡೆಯಾದರು. 1922ರಲ್ಲಿ ಅವರು ಎಲ್.ಎಂ.ಪಿ. ಪ್ರಮಾಣಪತ್ರದೊಡನೆ ಹೊರಬಂದರು. ತಿಂಡಿವನದ ಆ ಮೂರು ಬಾಗಿಲುಗಳಂಥ ಬಾಗಿಲುಗಳನ್ನು ದಾಟಿ ಒಳಗೆ ಹೋಗಬಲ್ಲ ವೈದ್ಯೆಯರು ಆಗ ಸಿದ್ಧರಾದರು.

ಈ ಕಾರ್ಯವು ನಿರಾತಂಕವಾಗಿ ಸಾಗಿತೆಂದು ತಿಳಿಯಬಾರದು. 1938ರ ಸುಮಾರಿಗೆ ಮದರಾಸು ಸರಕಾರವು ಎಲ್.ಎಂ.ಪಿ. ಶಿಕ್ಷಣವನ್ನು ನಿಲ್ಲಿಸಿ, ವಿಶ್ವವಿದ್ಯಾಲಯದ ಪದವಿಯೇ ಬೇಕೆಂದು ವಿಧಿಸಿತು. ಹೆಚ್ಚಿನ ಅಧ್ಯಾಪಕರು, ಹೆಚ್ಚಿನ ಹಾಸಿಗೆಗಳು, ಪ್ರಯೋಗಶಾಲೆಗಳು, ಯಂತ್ರೋಪಕರಣಗಳು ಇಲ್ಲದಿದ್ದರೆ ಶಾಲೆಯನ್ನು ಮುಚ್ಚಬೇಕಾಗಿತ್ತು. ಆಗ ಅವರ ವಯಸ್ಸು ಅರುವತ್ತೇಳು ದಾಟಿತ್ತು. ವಿಶ್ರಾಂತಿಯ ವಯಸ್ಸಿನಲ್ಲಿ ಅವರು ಯುದ್ಧಕಾಲದ ಅಮೇರಿಕೆಗೆ ಹೋಗಿ ಊರೂರು ತಿರುಗಿ ಹಣ ಕೂಡಿಸಿದರು. ಹಣದೊಡನೆ ಕಠಿಣವಾದ ಪ್ರಶ್ನೆಯೂ ಬಂದಿತು. ಗಂಡುಮಕ್ಕಳನ್ನೂ ಸೇರಿಸಿಕೊಂಡು ಎಲ್ಲ ಮಿಶನ್‌ಗಳೂ ಕೂಡಿ ನಡೆಸುವ ಕಾಲೇಜಾದರೆ ಮಾತ್ರ ಸಂಸ್ಥೆಯು ಉಳಿಯಬಹುದಾಗಿತ್ತು. ಬಹುಕಾಲದ ಆಧಾರವಾಗಿದ್ದ ಲೂಸಿ ಪೀಬಡಿ ಅವರು, ಹೆಣ್ಣುಮಕ್ಕಳಿಗಾಗಿ ಹೆಂಗಸರು ಕೊಟ್ಟ ಹಣದಿಂದ ಕಟ್ಟಿದ್ದನ್ನು ಹೀಗೆ ಬದಲಿಸಕೂಡದೆಂದು ಬಲವಾಗಿ ವಿರೋಧಿಸಿದರು. ಆ ವಾದವನ್ನು ಹಗುರವೆನ್ನಲಾಗದು. ಹೆಣ್ಣುಮಕ್ಕಳ ಶಾಲೆಯನ್ನು ನಡೆಸುವವರಿಗೆ ಅದರ ಭಾರವು ಚೆನ್ನಾಗಿ ತಿಳಿಯುವದು. ಐಡಾ ಅವರು ಬಹಳ ನೊಂದು, ಕಡೆಗೆ ಗೆಳೆತನಕ್ಕಿಂತ ಕೆಲಸವನ್ನೂ, ತಮ್ಮ ಮೊದಲ ಸಂಕಲ್ಪದ ರೂಪಕ್ಕಿಂತ ಅದರ ಉಳಿವನ್ನೂ ಆರಿಸಿಕೊಂಡರು. 1942ರಲ್ಲಿ ಎಂ.ಬಿ.ಬಿ.ಎಸ್. ಶಿಕ್ಷಣಕ್ಕೆ ಮದರಾಸು ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. 1947ರಲ್ಲಿ ಗಂಡುಮಕ್ಕಳೂ ಸೇರಿದರು.

ಈ ಗಡಿಬಿಡಿಯಲ್ಲಿ ದಾದಿಯರು ಹಿಂದೆ ಬೀಳಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. 1946ರಲ್ಲಿ ದಾದಿಯರ ಶಿಕ್ಷಣವು ಬಿ.ಎಸ್‌ಸಿ. ಪದವಿಯ ಮಟ್ಟಕ್ಕೆ ಏರಿತು. ದಿಲ್ಲಿಯ ಕಾಲೇಜಿನೊಡನೆ ವೆಲ್ಲೂರಿನ ಕಾಲೇಜೂ ಈ ದೇಶದಲ್ಲಿ ಇಂಥ ಪದವಿಯನ್ನು ಮೊದಲು ಆರಂಭಿಸಿತು. ವೈದ್ಯನು ಪದವೀಧರನಾಗಿ, ಅವನ ಪಕ್ಕದಲ್ಲಿ ನಿಂತು ರಾತ್ರಿಯೆಲ್ಲ ಎಚ್ಚರವಿರುವ ದಾದಿಯು ಮಾತ್ರ ಆಜ್ಞಾಧಾರಕಳಾಗಿ ಉಳಿಯುವದು ರೋಗಿಗೆ ಹಿತವಲ್ಲ. ಹೊಸ ಯಂತ್ರಗಳ ವಿಷಯದಲ್ಲಿಯೂ ಇದೇ ನೀತಿ ನಡೆಯಿತು. ಅವರ ಸೋದರ ಸಂಬಂಧದ ಮಗಳಾದ, ಅವರದೇ ಹೆಸರಿನ ಇನ್ನೊಬ್ಬ ಐಡಾ ಸ್ಕಡರ್ ಅವರು ಕ್ಷ-ಕಿರಣದ ವಿಭಾಗವನ್ನು ಬೆಳೆಯಿಸಿದರು. 1948ರಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗದಿಂದ ಮಡಿಚಿಹೋದ ಕೈಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ಪುನಃ ಬಿಡಿಸಿ ಲೋಕಕ್ಕೆ ಹೊಸ ದಾರಿಯನ್ನು ತೋರಿಸಿದರು. ಆ ಬೆರಳುಗಳನ್ನು ದಿನದಿನವೂ ಅಭ್ಯಾಸ ಮಾಡಿಸಿ ಕೆಲಸಕ್ಕೆ ತರುವವರು ಇಲ್ಲದಿದ್ದರೆ ಶಸ್ತ್ರಕ್ರಿಯೆಯು ವ್ಯರ್ಥವಾಗುತ್ತಿತ್ತು.

ಅಧಿಕಾರವನ್ನು ಬಿಟ್ಟುಕೊಡುವದು ಅದನ್ನು ಗಳಿಸುವದಕ್ಕಿಂತ ಕಷ್ಟ. ಐಡಾ ಅವರು 1946ರಲ್ಲಿ ನಿವೃತ್ತರಾದರು. ಆ ಬಳಿಕ ವಿಶಾಖಪಟ್ಟಣದವರಾದ ಡಾಕ್ಟರ್ ಹಿಲ್ಡಾ ಲಾಜರಸ್ ಅವರು ಸಂಸ್ಥೆಯ ಆಡಳಿತವನ್ನು ವಹಿಸಿದ ಮೊದಲ ಭಾರತೀಯರಾದರು. ಐಡಾ ಅವರು ಕೊಡೈಕಾನಲ್ಲಿನ ಬೆಟ್ಟದ ಮೇಲಿನ ತಮ್ಮ ಮನೆಯಲ್ಲಿದ್ದು, 1960ನೆಯ ಇಸವಿ ಮೇ 24ರಂದು ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಕೀರ್ತಿಶೇಷರಾದರು. ಅವರು ಕಣ್ಮುಚ್ಚಿದ ಮರುವರುಷ, ಎಂದರೆ 1961ರಲ್ಲಿ, ಹೃದಯವನ್ನು ತೆರೆದು ಮಾಡುವ ಶಸ್ತ್ರಕ್ರಿಯೆಯೂ, 1971ರಲ್ಲಿ ಮೂತ್ರಪಿಂಡದ ಕಸಿಯೂ ವೆಲ್ಲೂರಿನಲ್ಲಿ ನೆರವೇರಿದವು. ಸಂಸ್ಥಾಪಕಿಯು ಇಲ್ಲದಾಗ ಸಂಸ್ಥೆಯು ಕುಗ್ಗದೆ ಬೆಳೆದದ್ದೇ ಆಕೆಯ ಕೆಲಸಕ್ಕೆ ಸರಿಯಾದ ಪರೀಕ್ಷೆ.

ಈ ಚರಿತ್ರೆಯಿಂದ ನಮ್ಮ ಸೀಮೆಯವರು ಕಲಿಯತಕ್ಕದ್ದೇನು? ಇಂದು ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ತಾಲೂಕು ಆಸ್ಪತ್ರೆಗಳುಂಟು. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆಯರು ಹಳ್ಳಿಹಳ್ಳಿಗಳಲ್ಲಿ ತಿರುಗುವರು. ಗಣಕಯಂತ್ರವೂ ಮೊಬೈಲೂ ದೂರದ ತಜ್ಞ ವೈದ್ಯರನ್ನು ಹತ್ತಿರಕ್ಕೆ ತರುವವು. ಇವೆಲ್ಲ ಒಳ್ಳೆಯವೇ. ಆದರೆ ಯಂತ್ರವನ್ನು ನಡೆಸುವ ಕೈಗೆ ಶಿಕ್ಷಣವಿಲ್ಲದಿದ್ದರೆ ಅದು ಮುಸುಕು ಹಾಕಿಕೊಂಡು ಮೂಲೆಯಲ್ಲಿ ನಿಲ್ಲುವದು. ಬಾಣಂತಿಯ ರಕ್ತದ ಒತ್ತಡವನ್ನು ಬರೆದಿಟ್ಟ ದಾದಿಗೆ, ಆ ಅಂಕಿಯು ಅಪಾಯದ್ದೆಂದು ವೈದ್ಯರನ್ನು ಎಬ್ಬಿಸುವ ಅಧಿಕಾರವೂ ಧೈರ್ಯವೂ ಇಲ್ಲದಿದ್ದರೆ, ಬರೆದಿಟ್ಟದ್ದು ನಿಷ್ಫಲವಾಗುವದು.

ಪೋಷಕ ಮಹಾಶಯರೇ, ನಿಮ್ಮ ಮಗಳು ವೈದ್ಯೆಯಾಗಬೇಕೆಂದು ನೀವು ಬಯಸುವದು ಯೋಗ್ಯವೇ ಸರಿ. ಆದರೆ ಆಕೆ ದಾದಿಯಾಗುವೆನೆಂದಾಗ, ಪ್ರಯೋಗಶಾಲೆಯಲ್ಲಿ ರಕ್ತ ಪರೀಕ್ಷಿಸುವವಳಾಗುವೆನೆಂದಾಗ, ಅದನ್ನು ಕಿರಿದೆಂದು ತಳ್ಳಿಬಿಡಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಆಸ್ಪತ್ರೆಗಳಲ್ಲಿ ದುಡಿಯುವವರು ಹಲವರು ಇರಬಹುದು. ನಿಮ್ಮ ಕೈಕೆಳಗಿನ ಆಯಾಳಿಗೂ, ಹೊಸದಾಗಿ ಬಂದ ಹುಡುಗಿಗೂ, ನಿಮಗೆ ತಿಳಿದದ್ದನ್ನು ಮುಚ್ಚಿಡದೆ ಕಲಿಸಿರಿ. ನೂರಿಪ್ಪತ್ತು ವರುಷಗಳ ಹಿಂದೆ ವೆಲ್ಲೂರಿನಲ್ಲಿ ಸಲೋಮಿಗೆ ಕಲಿಸಿದ ಪಾಠವೇ ಆ ಮಹಾವೃಕ್ಷದ ಬೀಜವಾಯಿತು. ನಮ್ಮ ಭೀಮಾ ತೀರದ ನೆಲದಲ್ಲಿಯೂ ಅಂಥ ಬೀಜಗಳು ಬೀಳಲಿ, ಬೆಳೆಯಲಿ.