ದಾನಚಿಂತಾಮಣಿ ಅತ್ತಿಮಬ್ಬೆ: ಮನೆಯಲ್ಲಿದ್ದೇ ಗೆದ್ದ ವ್ರತಧೀರೆ

ಪತಿಯು ದಂಡಿನೊಡನೆ ದೂರದ ಗಡಿಯಲ್ಲಿರುವಾಗ ಮನೆಯಲ್ಲುಳಿದ ಗೃಹಿಣಿಯ ಮನಸ್ಸು ನೆಲೆ ನಿಲ್ಲುವುದು ಸುಲಭವಲ್ಲ. ಮೈಸೂರಿನ ನಮ್ಮ ಶ್ರಾವಕ ಕುಟುಂಬಗಳಲ್ಲಿಯೂ ಸೈನ್ಯದಲ್ಲಿರುವವರ ಸುದ್ದಿಗಾಗಿ ಕಾಯುವ ತಾಯಂದಿರುಂಟು. ಅಂತಹವರು ನೆನೆಯಬೇಕಾದ ಪುಣ್ಯಚರಿತೆ ಅತ್ತಿಮಬ್ಬೆಯದು.

ಹತ್ತನೆಯ ಶತಮಾನದಲ್ಲಿ ಬಾಳಿದ ಈ ಸಾಧ್ವಿಯು ಮಲ್ಲಪ ಹಾಗೂ ಅಪ್ಪಕಬ್ಬೆಯರ ಮಗಳು. ತವರು ಶಾಸ್ತ್ರಕ್ಕೂ ಶಸ್ತ್ರಕ್ಕೂ ಹೆಸರಾದುದು. ಮಲ್ಲಪನೂ ಆತನ ತಮ್ಮ ಪುನ್ನಮಯ್ಯನೂ ಪೊನ್ನಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದರು. ಪುನ್ನಮಯ್ಯನು ರಣದಲ್ಲಿಯೇ ಮಡಿದನು. ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಚಾಲುಕ್ಯ ಚಕ್ರವರ್ತಿ ತೈಲಪನ ಮಂತ್ರಿ ದಲ್ಲಪನ ಮಗನಾದ ನಾಗದೇವನಿಗೆ ಕೊಟ್ಟು ವಿವಾಹ ಮಾಡಿದರು. 973ರಲ್ಲಿ ರಾಷ್ಟ್ರಕೂಟರಿಂದ ರಾಜ್ಯವನ್ನು ಗೆದ್ದ ತೈಲಪನ ಆಳ್ವಿಕೆಯು ಯುದ್ಧಗಳಿಂದ ತುಂಬಿದ್ದಿತು. ಸೇನಾನಿಯ ಮನೆಗೆ ಅಗಲಿಕೆಯು ನಿತ್ಯದ ಮಾತಾಗಿದ್ದಿತು.

ಕೊನೆಗೆ ನಾಗದೇವನು ಯುದ್ಧದಲ್ಲಿ ಮರಣ ಹೊಂದಿದನು. ಗುಂಡಮಬ್ಬೆಯು ಪತಿಯೊಡನೆ ಚಿತೆಯೇರಿದಳು. ಅತ್ತಿಮಬ್ಬೆಯ ಮಡಿಲಲ್ಲಿ ಮಗ ಅಣ್ಣಿಗದೇವನಿದ್ದನು. ಆಕೆ ಬದುಕುವ ಕಠಿಣ ಮಾರ್ಗವನ್ನು ಹಿಡಿದಳು. ತಂಗಿಯ ದುಃಖವನ್ನು ನಾವು ಹಗುರವಾಗಿ ಕಾಣಲಾಗದು. ಆದರೆ ಅಗ್ನಿಪ್ರವೇಶವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯೆಂದು ಎಣಿಸಿದ್ದಾರೆ. ಒಮ್ಮೆಗೇ ದೇಹವನ್ನು ಸುಡುವುದಕ್ಕಿಂತ ದಿನದಿನವೂ ಕಷಾಯಗಳನ್ನು ಸುಡುವುದೇ ನಮ್ಮ ಧರ್ಮದ ತಪಸ್ಸು. ಅತ್ತಿಮಬ್ಬೆ ಆಯ್ದುಕೊಂಡುದು ಇದನ್ನೇ. ವ್ರತೋಪವಾಸಗಳಿಂದ ದೇಹವನ್ನು ದಂಡಿಸುತ್ತ, ಮಗನನ್ನು ಬೆಳೆಸಿದಳು. ಆ ಮಗನೂ ಪಡೆವಳನಾದನು. ಪತಿಯನ್ನು ಕಳೆದುಕೊಂಡ ತಾಯಿ ಮಗನನ್ನೂ ಶಸ್ತ್ರವೃತ್ತಿಗೆ ಕಳುಹಿದಳೆಂಬುದನ್ನು ಓದುಗರು ಗಮನಿಸಬೇಕು.

ಆಕೆಯ ವ್ರತನಿಷ್ಠೆಗೆ ಶ್ರವಣಬೆಳಗೊಳದ ಯಾತ್ರೆಯೇ ಸಾಕ್ಷಿ. ಗೊಮ್ಮಟ ಜಿನನನ್ನು ಕಾಣುವವರೆಗೆ ಆಹಾರವನ್ನು ಸ್ವೀಕರಿಸೆನೆಂದು ನಿಯಮ ಹಿಡಿದು ಹೊರಟಳು. ಬೆಟ್ಟವನ್ನೇರಿ ಬಳಲಿದಾಗ ಅಕಾಲದಲ್ಲಿ ಮಳೆ ಸುರಿದು ದಣಿವು ತೀರಿತೆಂದು ಪ್ರತೀತಿ. ಜಿನಬಿಂಬವನ್ನು ಹೊತ್ತು ಇಳಿದಾಗ ಗೋದಾವರಿಯ ಪ್ರವಾಹವೇ ನಿಂತಿತೆಂದೂ ಹೇಳುವರು. ಪವಾಡಗಳನ್ನು ಭಕ್ತರ ಶ್ರದ್ಧೆಗೆ ಬಿಡೋಣ. ಹಸಿದ ಒಡಲಿನಲ್ಲಿಯೂ ಕದಲದ ಸಂಕಲ್ಪವು ನಮಗೆ ಪಾಠ.

ದುಃಖವು ಆಕೆಯಲ್ಲಿ ದಾನವಾಗಿ ಹರಿಯಿತು. ಅಚ್ಚುಕೂಟಗಳಿಲ್ಲದ ಆ ಕಾಲದಲ್ಲಿ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳು. 1500 ರತ್ನಖಚಿತ ಸುವರ್ಣ ಜಿನಬಿಂಬಗಳನ್ನು ಮಾಡಿಸಿಕೊಟ್ಟಳು. ಆಕೆಯ ಆಶ್ರಯದಲ್ಲಿ ಕವಿಚಕ್ರವರ್ತಿ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿ, ಆಕೆಯ ಮನೆತನವನ್ನು ಅದರಲ್ಲಿ ಕೊಂಡಾಡಿದನು. ಗದಗಿನ ಸಮೀಪದ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮಜಿನಾಲಯವನ್ನೂ, 1007ರ ಶಾಸನವನ್ನೂ ಇಂದಿಗೂ ಕಾಣಬಹುದು.

ಈ ಚರಿತೆಯಿಂದ ನಮ್ಮ ಗೃಹಿಣಿಯರು ತಿಳಿಯಬೇಕಾದುದೇನು? ಪತಿಯ ಕ್ಷೇಮಕ್ಕೆ ಬೆಲೆಯೆಂದು ಉಪವಾಸವನ್ನು ಕೈಗೊಂಡರೆ ಅದು ನಿದಾನವಾಗುತ್ತದೆ. ಮಾಯಾ, ಮಿಥ್ಯಾ, ನಿದಾನಗಳೆಂಬ ಮೂರು ಶಲ್ಯಗಳನ್ನು ಕಳೆದವನೇ ವ್ರತಿಯೆಂದು ತತ್ತ್ವಾರ್ಥಸೂತ್ರವು ಸಾರಿದೆ. ಪತಿ ಮರಳಿದರೂ, ಪತ್ರ ತಡವಾದರೂ, ಅಷ್ಟಮಿ ಚತುರ್ದಶಿಗಳ ನಿಯಮವು ಒಂದೇ ಸಮನಾಗಿರಲಿ. ಶಕ್ತಿ ಕಡಿಮೆಯಿದ್ದವರಿಗೆ ಏಕಭುಕ್ತ ಸಾಕು. ಗರ್ಭಿಣಿಯರೂ ಹಾಲೂಡುವ ತಾಯಂದಿರೂ ರೋಗಿಗಳೂ ದೇಹವನ್ನು ಹಿಂಸಿಸದೆ ಸಾಮಾಯಿಕ, ಸ್ವಾಧ್ಯಾಯ, ದಾನಗಳನ್ನು ಹಿಡಿಯಲಿ. ಮಕ್ಕಳಿಗೆ ಹೊತ್ತಿಗೆ ಉಣಬಡಿಸುವುದೂ ಅಂದಿನ ಧರ್ಮವೇ.

ರಣದಲ್ಲಿ ನಿಂತವನ ಧೈರ್ಯವನ್ನು ಲೋಕವು ಕಾಣುತ್ತದೆ. ಮನೆಯಲ್ಲಿ ದೀಪವಾರದಂತೆ ಕಾಯ್ದವಳ ಧೈರ್ಯವು ಅದಕ್ಕೆ ಕಡಿಮೆಯಲ್ಲವೆಂದು ಅತ್ತಿಮಬ್ಬೆಯ ಬಾಳು ಸಾವಿರ ವರುಷಗಳಿಂದ ಹೇಳುತ್ತಿದೆ.